ಸ್ಪಷ್ಟನೆ: ‘ವಿ’ ತಳದ ಬೋಟ್ ಎಲ್ಲ ನೀರಿನಲ್ಲೂ ವೇಗವೇ?

“ಆಳವಾದ ‘ವಿ’ ತಳದ ಪವರ್‌ಬೋಟ್ ಎಲ್ಲೆಡೆ ವೇಗ, 1960ರ ಮಯಾಮಿ–ನಸ್ಸೌ ರೇಸ್‌ನಲ್ಲಿ ಡಿಕ್ ಬರ್ಟ್ರಾಮ್ ಗೆದ್ದದ್ದೇ ಸಾಕ್ಷಿ” ಎಂಬ ಮಾತು ಓಡಾಡುತ್ತಿದೆ. ಗೆದ್ದದ್ದು ನಿಜ, ತೀರ್ಮಾನ ತಪ್ಪು.

ಅಂದು ಕಡಲು ಕೆರಳಿತ್ತು. ರೇ ಹಂಟ್ ವಿನ್ಯಾಸ ಮಾಡಿದ, ಬರ್ಟ್ರಾಮ್ ಅವರ ಬೋಟ್ ‘ಮೋಪಿ’ಯ ತಳ ಮುಂಭಾಗದಿಂದ ಹಿಂಬದಿಯವರೆಗೂ ಚೂಪಾಗಿದ್ದು, ಅಲೆ ಸೀಳಿಕೊಂಡು ಹೋಯಿತು. ಹಿಂಬದಿ ಚಪ್ಪಟೆಯಾದ ಬೋಟ್‌ಗಳು ಅಂಥ ಅಲೆಗಳ ಮೇಲೆ ದಢಾರನೆ ಬಡಿಯುತ್ತವೆ. ಚಾಲಕ ಥ್ರಾಟಲ್ ಇಳಿಸಿ ವೇಗ ತಗ್ಗಿಸಲೇಬೇಕು.

ಶಾಂತ ನೀರಿನಲ್ಲಿ ಲೆಕ್ಕ ಉಲ್ಟಾ. ಅದೇ ತೂಕ, ಅದೇ ಎಂಜಿನ್ ಇದ್ದರೆ ಚಪ್ಪಟೆ ತಳವೇ ಬೇಗ ಮೇಲೆದ್ದು ಜಾರುತ್ತದೆ, ಇಂಧನವೂ ಉಳಿಯುತ್ತದೆ. ‘ವಿ’ ಬೋಟ್ ನಿಂತಾಗ ಹೆಚ್ಚು ಹೊಯ್ದಾಡುತ್ತದೆ (ಅಭಿಮಾನಿಗಳು ಇದನ್ನು ಹೇಳುವುದೇ ಇಲ್ಲ!).

‘ಮೋಪಿ’ಯ ಮಾದರಿಯಲ್ಲೇ ಬಂದ ಬರ್ಟ್ರಾಮ್ 31 ಬೋಟ್ ಮೇಲೆ ಇಂದಿಗೂ ಪ್ರಾಣ ಬಿಡುವವರಿದ್ದಾರೆ. ನನ್ನ ಪ್ರಕಾರ ಅದು ಟಾಪ್ ಸ್ಪೀಡಿಗಲ್ಲ, ಒರಟು ಕಡಲಲ್ಲಿ ಬೆನ್ನುಮೂಳೆ ಉಳಿಸಿದ್ದಕ್ಕೆ.