ಎರಡು ಮಳೆಗಾಲದ ಬೆಸುಗೆ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕಾರಿನ ಕೆಳಗೆ ಗುಲಾಬಿ ಬಣ್ಣದ ನೀರು ಕಂಡಿತು. ಅರ್ಧ ಕರಗಿದ ಹಿಮದ ಮೇಲೆ, ಯಾರೋ ಆರತಿ ಎತ್ತಿ ಚೆಲ್ಲಿ ಹೋದ ಹಾಗೆ. ಕೂಲಂಟ್ ಅದು, ಇಂಜಿನ್ ತಂಪಾಗಿಡುವ ದ್ರವ. ಅದನ್ನು ತಣಿಸುವ ರೇಡಿಯೇಟರ್ ಸೋರುತ್ತಿತ್ತು.

ನಾನಿರುವುದು ಡೆಟ್ರಾಯಿಟ್ ಪಕ್ಕದ ಒಂದು ಊರಲ್ಲಿ. ಕಾರು 2006ರದ್ದು, 1,80,000 ಮೈಲಿ ಓಡಿದೆ. ಹತ್ತಿರದ ಗ್ಯಾರೇಜಿಗೆ ಒಯ್ದೆ. ಕೌಂಟರಿನ ಹುಡುಗ ಬಾನೆಟ್ ಎತ್ತಲೇ ಇಲ್ಲ. ಕಂಪ್ಯೂಟರಿನಲ್ಲಿ ಏನೋ ಕುಟ್ಟಿ 900 ಡಾಲರ್ ಅಂದ. ಆಮೇಲೆ ಕಿಟಕಿಯಿಂದ ಕಾರಿನ ಕಡೆ ಒಮ್ಮೆ ಕಣ್ಣು ಹಾಯಿಸಿ, "ಇದಕ್ಕೆ ಅಷ್ಟು ಸುರಿಯುವುದು ದಂಡ, ಗುಜರಿಗೆ ಕೊಟ್ಟುಬಿಡಿ" ಎಂದ.

"ಇದನ್ನೇ ಬೆಸೆಯೋಕೆ ಆಗಲ್ವಾ?" ಅಂತ ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ದುಡ್ಡಿನ ಮಾತು ಹಾಗಿರಲಿ, ಮುಟ್ಟಿ ಕೂಡ ನೋಡದೆ ಹೇಳಿದನಲ್ಲ, ಅದು ಚುಚ್ಚಿತು.

ನಮ್ಮ ಮನೆ ಶಿರಸಿಯ ಕಡೆ. ಅಪ್ಪನ ಹತ್ತಿರ ಒಂದು ಹಳೇ ಅಂಬಾಸಡರ್ ಇತ್ತು. ಅದರ ರೇಡಿಯೇಟರ್ ವರ್ಷಕ್ಕೊಮ್ಮೆಯಾದರೂ ಸೋರುತ್ತಿತ್ತು. ಆಗೆಲ್ಲ ಗ್ಯಾರೇಜಿನ ಸಾಯ್ಬ್ರು ಅದನ್ನು ಬಿಚ್ಚಿ, ಬಾಯಿಗಳಿಗೆ ರಬ್ಬರ್ ತುರುಕಿ, ಗಾಳಿ ತುಂಬಿ ಸಿಮೆಂಟಿನ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದರು. ಸೈಕಲ್ ಟ್ಯೂಬಿಗೆ ಪಂಕ್ಚರ್ ನೋಡುವ ಹಾಗೇ. ಗುಳ್ಳೆ ಎದ್ದಲ್ಲಿ ಮೊಳೆಯಿಂದ ಗೀರಿ ಗುರುತು. ತಾಮ್ರ ಹಿತ್ತಾಳೆಯ ಮೈ, ಹಾಗಾಗಿ ಬೆಸುಗೆ ಚೆನ್ನಾಗಿ ಕೂರುತ್ತಿತ್ತು. ಆಸಿಡ್ ಸವರಿ ಉಜ್ಜಿದರೆ ಕಪ್ಪಾದ ಲೋಹ ಒಮ್ಮೆಲೇ ಹೊಳೆಯುತ್ತಿತ್ತು. ಆಮೇಲೆ ಭರ್ ಎನ್ನುವ ಬೆಂಕಿ, ಕರಗಿ ಓಡುವ ಸೀಸ. ಆ ವಾಸನೆ ನನಗೆ ಈಗಲೂ ಮೂಗಿನಲ್ಲಿದೆ. ಮತ್ತೆ ತೊಟ್ಟಿಗೆ ಮುಳುಗಿಸುವುದು. ಗುಳ್ಳೆ ಇಲ್ಲ ಅಂದಮೇಲೆ ಸಾಯ್ಬ್ರು ಕೈ ಒರೆಸಿಕೊಂಡು, "ಭಟ್ರೇ, ಎರಡು ಮಳೆಗಾಲಕ್ಕೆ ಅಡ್ಡಿ ಇಲ್ಲ" ಎನ್ನುತ್ತಿದ್ದರು.

ವಾರಂಟಿ ಅಂದರೆ ಅಷ್ಟೇ. ಎರಡು ಮಳೆಗಾಲ. ಕಾರಿನ ಬೆಲೆ ಎಷ್ಟು, ಇದಕ್ಕೆ ಇಷ್ಟು ಹಾಕಬಹುದಾ ಅಂತ ಅವರು ಒಂದು ದಿನವೂ ಕೇಳಲಿಲ್ಲ. ಅವರಿಗೆ ಬೇಕಿದ್ದದ್ದು ತೂತು ಎಲ್ಲಿದೆ ಅನ್ನುವುದೊಂದೇ. ಇಲ್ಲಿ ಕಾರಿನ ವಯಸ್ಸು ಕೇಳಿಯೇ ತೀರ್ಪು ಬರುತ್ತದೆ.

ಈ ಸಂಕಟವನ್ನು ಕನ್ನಡ ಕೂಟದ ಯುಗಾದಿ ಊಟದಲ್ಲಿ ಹೇಳಿಕೊಂಡೆ. ಒಬ್ಬರೂ ಕನಿಕರ ತೋರಲಿಲ್ಲ. "ಇನ್ನೂ ಆ ಕಾರು ಇಟ್ಕೊಂಡಿದ್ದೀರಾ ಮಾರಾಯ್ರೇ?" ಎಂದರು ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತ. ಮೂರು ವರ್ಷಕ್ಕೊಂದು ಕಾರು ಲೀಸ್ ತಗೊಳ್ಳುವ ಜನ. ಅವರಿಗೇನು ಗೊತ್ತು.

ಸಮಾಧಾನ ಬಂದದ್ದು ಬೇರೆ ಕಡೆಯಿಂದ. ಪಕ್ಕದ ಮನೆಯ ಅಜ್ಜ ಕಾರು ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ನೆಲದ ಮೇಲಿನ ಕಲೆ ನೋಡಿ ಅವರೇ ಬಂದರು. ಕೇಳಿದ್ದು ಒಂದೇ ಪ್ರಶ್ನೆ: "ಕಾಳುಮೆಣಸಿನ ಪುಡಿ ಹಾಕಿದ್ಯಾ?" ಸಣ್ಣ ಸೋರಿಕೆಯಾದರೆ ಪುಡಿ ಹೋಗಿ ತೂತಿನಲ್ಲಿ ಕಚ್ಚಿಕೊಳ್ಳುತ್ತದಂತೆ, ಹಳೇ ಕಾಲದಲ್ಲಿ ಇಲ್ಲಿ ಹಾಗೆ ಮಾಡುತ್ತಿದ್ದರಂತೆ. ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ನಮ್ಮ ಕಡೆ ಲಾರಿ ಡ್ರೈವರುಗಳು ಅರಿಶಿನ ಪುಡಿ ಹಾಕುತ್ತಾರೆ. ಘಟ್ಟದ ಮಧ್ಯೆ ಅದೇ ಗತಿ. ಕಾಳುಮೆಣಸೋ, ಅದಂತೂ ನಮ್ಮ ತೋಟದ್ದೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು ಅಂತ ಅಜ್ಜನಿಗೆ ಹೇಳಹೊರಟೆ. ಅವರಾಗಲೇ ಬಾನೆಟ್ಟಿನೊಳಗೆ ತಲೆ ಹಾಕಿದ್ದರು.

ಟಾರ್ಚ್ ಹಿಡಿದು ಐದು ನಿಮಿಷ ನೋಡಿದರು. ಇಷ್ಟಾದರೂ ಮಾಡಿದರಲ್ಲ! ಆದರೆ ತೀರ್ಪು ಮಾತ್ರ ಬದಲಾಗಲಿಲ್ಲ. ಬದಲಾಯಿಸು, ಎಂದರು. ಮಧ್ಯದ ಜಾಲರಿ ಅಲ್ಯುಮಿನಿಯಂ, ಎರಡು ಬದಿಯ ಟ್ಯಾಂಕು ಪ್ಲಾಸ್ಟಿಕ್, ನಡುವೆ ಒಂದು ರಬ್ಬರ್ ಪಟ್ಟಿ, ಅಂಚು ಮಡಚಿ ಒತ್ತಿ ಕೂರಿಸಿದ್ದು. ಇಷ್ಟು ವರ್ಷ ಕಾದು ತಣಿದು ಕಾದು ತಣಿದು ಪ್ಲಾಸ್ಟಿಕ್ ಹಪ್ಪಳವಾಗಿ ಸೀಳು ಬಿಟ್ಟಿತ್ತು. ಅದಕ್ಕೆ ಸೀಸ ಹಿಡಿಯುವುದಿಲ್ಲ. ಅಪ್ಪನ ಹಾಗೆ ದಿನಾ ಬಾವಿ ನೀರು ತುಂಬಿಸಿ ಓಡಿಸೋಣ ಅಂದರೆ, ಇಲ್ಲಿ ಚಳಿಗೆ ಬರೀ ನೀರು ಹೆಪ್ಪುಗಟ್ಟಿ ಇಂಜಿನ್ನನ್ನೇ ಸೀಳುತ್ತದೆ. ಕೂಲಂಟಿನಲ್ಲಿ ಅರ್ಧ ನೀರು, ಅರ್ಧ ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ಇದ್ದರೆ ಸೊನ್ನೆಗಿಂತ 35 ಡಿಗ್ರಿ ಕೆಳಗೂ ತಡೆಯುತ್ತದೆ. ಇನ್ನೊಂದು ಹೆದರಿಕೆಯನ್ನೂ ಅವರು ಹುಟ್ಟಿಸಿದರು. ಇದು ಆಟೋಮ್ಯಾಟಿಕ್ ಗೇರಿನ ಕಾರು. ಗೇರ್ ಎಣ್ಣೆ ತಂಪಾಗುವ ನಳಿಗೆ ಇದೇ ಟ್ಯಾಂಕಿನೊಳಗೆ ಹಾಯುತ್ತದೆ. ಅದು ಒಳಗೇ ಒಡೆದರೆ ಎಣ್ಣೆಗೆ ಕೂಲಂಟ್ ಸೇರಿ ಗುಲಾಬಿ ಮಜ್ಜಿಗೆಯಾಗಿ ಗೇರ್‌ಬಾಕ್ಸ್ ಹಾಳು.

ಶನಿವಾರ ಇಬ್ಬರೂ ಸೇರಿ ಬದಲಾಯಿಸಿದೆವು. ಆನ್‌ಲೈನಿನಲ್ಲಿ ತರಿಸಿದ ರೇಡಿಯೇಟರ್, ಕೂಲಂಟ್, ಎರಡು ಹೊಸ ಹೋಸ್ ಸೇರಿ 190 ಡಾಲರ್. ನಾಲ್ಕು ಗಂಟೆ ಹಿಡಿಯಿತು. ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ಮಲಗಿದ್ದು ಜೀವನದಲ್ಲೇ ಮೊದಲು. ಊರಲ್ಲಿ ಆ ಕೆಲಸಕ್ಕೆ ಸಾಯ್ಬ್ರು ಇದ್ದರು. ಅಪ್ಪ ಬೆಂಚಿನ ಮೇಲೆ ಕೂತು ಚಾ ಕುಡಿಯುತ್ತಿದ್ದರು, ನಾನು ಗುಳ್ಳೆ ಎಣಿಸುತ್ತಿದ್ದೆ.

ಆ ಅರ್ಧ ದಿನದ ಕೆಲಸಕ್ಕೆ ಸಾಯ್ಬ್ರು ತೆಗೆದುಕೊಳ್ಳುತ್ತಿದ್ದದ್ದು 80 ರೂಪಾಯಿ. ಅದರಲ್ಲೂ ಅಪ್ಪ ಹತ್ತು ಬಿಡಿಸುತ್ತಿದ್ದರು. ಹಾಗಾಗಿ ಕಾರಿನ ಬೆಲೆಯ ಲೆಕ್ಕ ಯಾರೂ ಹಾಕಲಿಲ್ಲ ಅನ್ನುವುದರಲ್ಲಿ ಸಾಯ್ಬ್ರ ದೊಡ್ಡತನ ಎಷ್ಟು, ನಮ್ಮ ಚೌಕಾಸಿ ಎಷ್ಟು ಅಂತ ಈಗ ಹೇಳುವುದು ಕಷ್ಟ. ಇನ್ನೊಂದನ್ನೂ ಹೇಳಿಬಿಡಬೇಕು. ರೇಡಿಯೇಟರಿನಲ್ಲಿ ಬೆಸೆಯಲಾಗದ ನೀರಿನ ನಳಿಗೆಯನ್ನು ಅವರು ಎರಡೂ ತುದಿಯಲ್ಲಿ ಮುಚ್ಚಿಬಿಡುತ್ತಿದ್ದರು. ಪ್ರತಿ ಸಲ ಒಂದೆರಡು. ಹೀಗೆ ಮುಚ್ಚಿ ಮುಚ್ಚಿ ನೀರು ಹರಿಯಲು ಜಾಗವೇ ಇಲ್ಲದೆ, ಒಂದು ಬೇಸಿಗೆಯಲ್ಲಿ ಕುಮಟಾದಿಂದ ಮದುವೆ ಮುಗಿಸಿ ಬರುವಾಗ ದೇವಿಮನೆ ಘಟ್ಟದಲ್ಲಿ ಅಂಬಾಸಡರ್ ಕುದಿದು ನಿಂತಿತು. ಅವತ್ತು ಇಂಜಿನ್ ಹೆಡ್ಡೇ ಸೊಟ್ಟಗಾಯಿತು. ಆಯಿ ರೇಷ್ಮೆ ಸೀರೆಯಲ್ಲೇ ಲಾರಿ ಹತ್ತಿ ಮನೆಗೆ ಬಂದಳು. ಆ ಖರ್ಚಿನಲ್ಲಿ ಎರಡು ಹೊಸ ರೇಡಿಯೇಟರ್ ಬರುತ್ತಿತ್ತು. ಅದನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ನೆನಪಿಸಿಕೊಳ್ಳುವುದಿಲ್ಲ.

ಭಾನುವಾರ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಹಳೇದನ್ನ ಏನು ಮಾಡಿದೆ?"

ಗ್ಯಾರೇಜಿನಲ್ಲಿ ಹಿಮ ತೆಗೆಯುವ ಸಲಿಕೆಯ ಹಿಂದೆ ಇಟ್ಟಿದ್ದೇನೆ, ಅಂದೆ.

"ಇರ್ಲಿ, ಬಿಸಾಡಬೇಡ" ಎಂದರು.