ಹಣ್ಣು ಅವರದು, ಕೊಂಬೆ ನಮ್ಮದು

ಪಕ್ಕದ ಮನೆಯ ನೇರಳೆ ಮರ ಯಾರದು ಎಂಬ ವಿಷಯದಲ್ಲಿ ಹದಿನೈದು ವರ್ಷ ನಮ್ಮ ಬೀದಿಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹಣ್ಣಿನ ಕಾಲ ಬಂತೆಂದರೆ, ಕಾಂಪೌಂಡು ದಾಟಿ ನಮ್ಮ ಅಂಗಳಕ್ಕೆ ಬಾಗಿದ ಕೊಂಬೆಯ ಕೆಳಗೆ ಹಳೆಯ ಸೀರೆ ಹಾಸಲು ಆ ಮನೆಯ ಯಜಮಾನರೇ ಬರುತ್ತಿದ್ದರು. ಉದುರಿದ್ದನ್ನೆಲ್ಲ ಗಂಟು ಕಟ್ಟಿಕೊಂಡು ಹೊರಡುವಾಗ, ‘ಸಕ್ಕರೆ ಕಾಯಿಲೆಗೆ ಬಹಳ ಒಳ್ಳೆಯದು ಸ್ವಾಮಿ’ ಎಂದು ಒಂದು ಬೊಗಸೆಯನ್ನು ನಮಗೂ ದಯಪಾಲಿಸುತ್ತಿದ್ದರು. ಕಳೆದ ಮೇ ತಿಂಗಳ ಒಂದು ರಾತ್ರಿ, ಮುಂಗಾರಿಗೆ ಮೊದಲಿನ ಗಾಳಿಮಳೆಯಲ್ಲಿ, ಅದೇ ಕೊಂಬೆ ಬುಡದಿಂದ ಸಿಗಿದು ನಮ್ಮ ಶೆಡ್ಡಿನ ಸಿಮೆಂಟ್ ಶೀಟನ್ನೂ ಅದರ ಕೆಳಗೆ ನಿಂತಿದ್ದ ಕಾರನ್ನೂ ಒಟ್ಟಿಗೆ ಅಪ್ಪಚ್ಚಿ ಮಾಡಿತು. ಬೆಳಿಗ್ಗೆ ಗೋಡೆಯಾಚೆಯಿಂದ ತಲೆ ಹಾಕಿದ ಯಜಮಾನರು ಆಕಾಶದ ಕಡೆ ಕೈ ತೋರಿಸಿ, ‘ಎಲ್ಲಾ ಅವನಿಚ್ಛೆ’ ಎಂದರು. ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತದೆ, ಮುದ್ರಾಂಕ ಶುಲ್ಕ ಕಟ್ಟದೆ, ಒಂದು ಸ್ಥಿರಾಸ್ತಿ ಕ್ಷಣಾರ್ಧದಲ್ಲಿ ದೇವರ ಹೆಸರಿಗೆ ವರ್ಗವಾದದ್ದನ್ನು ನಾನು ಅಂದು ಕಣ್ಣಾರೆ ಕಂಡೆ.

ವಕೀಲ ಮಿತ್ರರಲ್ಲಿ ವಿಚಾರಿಸಿದೆ. ಇಂಥ ತಕರಾರುಗಳಲ್ಲಿ ನಮ್ಮವರು ಇಂದಿಗೂ ಇಂಗ್ಲೆಂಡಿನ ಹಳೆಯ ತೀರ್ಪುಗಳತ್ತ ನೋಡುತ್ತಾರಂತೆ. 1895ರ ಒಂದು ತೀರ್ಪಿನ ಪ್ರಕಾರ, ನಿಮ್ಮ ಜಾಗಕ್ಕೆ ಚಾಚಿದ ಪರರ ಕೊಂಬೆಯನ್ನು ನೀವು ಗಡಿಯವರೆಗೆ ಕಡಿಯಬಹುದು. 1919ರ ಇನ್ನೊಂದರ ಪ್ರಕಾರ, ಹಾಗೆ ಕಡಿದ ಕೊಂಬೆಯಲ್ಲಿರುವ ಹಣ್ಣು ಮಾತ್ರ ಮರದ ಒಡೆಯನದೇ. 1926ರಲ್ಲಿ ರಸ್ತೆಯ ಮೇಲೆ ಹೋಗುತ್ತಿದ್ದ ವಾಹನವೊಂದರ ಮೇಲೆ ಬೀಚ್ ಮರದ ಕೊಂಬೆ ಬಿದ್ದಾಗ, ಒಳಗಿನ ದೋಷ ಹೊರಗೆ ಕಾಣುವಂತಿರಲಿಲ್ಲವಾದ್ದರಿಂದ ಒಡೆಯ ಹೊಣೆಗಾರನಲ್ಲ ಎಂದಾಯಿತು. ಮೂರನ್ನೂ ಸೇರಿಸಿ ಓದಿದರೆ ನಮ್ಮ ಬೀದಿಯ ಪದ್ಧತಿ ಅಕ್ಷರಶಃ ಸಿಗುತ್ತದೆ. ‘ಮರ ಅಪಾಯದಲ್ಲಿದೆ ಎಂದು ನೀವು ಮೊದಲೇ ಲಿಖಿತವಾಗಿ ತಿಳಿಸಿದ್ದರೆ, ಅವರಿಗೆ ಗೊತ್ತಿತ್ತು ಎಂದು ವಾದಿಸಬಹುದಿತ್ತು’ ಎಂದರು ಮಿತ್ರರು. ಬೊಗಸೆ ತುಂಬಾ ನೇರಳೆ ಕೊಟ್ಟವರಿಗೆ ನೋಟಿಸು ಕಳಿಸುವಷ್ಟು ದೂರದೃಷ್ಟಿ ನಮಗೆಲ್ಲಿಂದ ಬರಬೇಕು?

ಹಾಗೆಂದು 1895ರ ತೀರ್ಪನ್ನು ನಂಬಿ ನಾನೇ ಮಚ್ಚು ಹಿಡಿದು ಹೊರಡುವಂತಿರಲಿಲ್ಲ, ಏಕೆಂದರೆ ಇಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ. ಅದರಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಮರವು ಪ್ರಾಣಕ್ಕೋ ಆಸ್ತಿಗೋ ಅಪಾಯಕಾರಿಯಾಗಿದ್ದರೆ ಅನುಮತಿಯನ್ನು ನಿರಾಕರಿಸುವಂತಿಲ್ಲ. ಈ ಉದಾರವಾದ ಮಾತನ್ನು ಓದಿ ಹಿಗ್ಗಿದ ನನಗೆ, ಅರ್ಜಿಯನ್ನು ಮರವಿರುವ ಜಾಗದವರೇ ಹಾಕಬೇಕೆಂದು ಕಚೇರಿಯ ಗುಮಾಸ್ತರು ತಿಳಿಸಿದರು. ಅರ್ಜಿಯ ಹಕ್ಕುಳ್ಳವರ ತಲೆಯ ಮೇಲೆ ಕೊಂಬೆಯಿಲ್ಲ, ಕೊಂಬೆಯ ಕೆಳಗಿರುವವರಿಗೆ ಅರ್ಜಿಯಿಲ್ಲ. ಗಾಳಿಗೆ ಬಿದ್ದ ಮರಕ್ಕೂ ಅನುಮತಿ ನಿರಾಕರಿಸಬಾರದೆಂದು ಅದೇ ಕಾಯ್ದೆ ಹೇಳುತ್ತದೆ. ಅಂದರೆ ಬಿದ್ದ ಮೇಲೂ ಕೇಳುವ ಶಿಷ್ಟಾಚಾರವನ್ನು ಬಿಡಬಾರದು.

ಇನ್ನು ಉಳಿದದ್ದು ವಿಮೆ. ನಮ್ಮಲ್ಲಿ ಬಹಳ ಮಂದಿ ಕಾನೂನಿನ ಭಯಕ್ಕೆ ಥರ್ಡ್ ಪಾರ್ಟಿ ವಿಮೆಯೊಂದನ್ನೇ ಮಾಡಿಸಿರುತ್ತಾರೆ. ಕಾರು ಹೋಗಿ ಮರಕ್ಕೆ ಗುದ್ದಿದ್ದರೆ ಮರದ ಯಜಮಾನರು ಆ ಪಾಲಿಸಿಯಿಂದ ಪರಿಹಾರ ಕೇಳಬಹುದಿತ್ತು. ಮರವೇ ಬಂದು ಕಾರಿಗೆ ಗುದ್ದಿದಾಗ, ಮರದ ಬಳಿ ಥರ್ಡ್ ಪಾರ್ಟಿ ಪಾಲಿಸಿ ಇಲ್ಲದ ಕಾರಣ, ಯಾರೂ ಏನೂ ಕೇಳುವಂತಿಲ್ಲ. ಅದೃಷ್ಟವಶಾತ್ ನನ್ನದು ಸ್ವಂತ ಹಾನಿಯನ್ನೂ ಒಳಗೊಂಡ ಪೂರ್ಣ ಪಾಲಿಸಿ. ಕ್ಲೇಮ್ ಅರ್ಜಿಯಲ್ಲಿ ‘ಎದುರು ವಾಹನದ ನೋಂದಣಿ ಸಂಖ್ಯೆ’ ಎಂಬ ಅಂಕಣವಿತ್ತು. ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದರು. ‘ನೇರಳೆ’ ಎಂದು ಬರೆದೆ, ಮುಂದೆ ಹೋಯಿತು.

ಹಾನಿಯ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವವರೆಗೆ ಕೊಂಬೆಯನ್ನು ಕದಲಿಸಬಾರದೆಂದು ವಿಮಾ ಕಂಪನಿ, ವೃಕ್ಷಾಧಿಕಾರಿಗಳ ಕಡೆಯವರು ಬರುವವರೆಗೆ ಕತ್ತರಿಸಬಾರದೆಂದು ಕಚೇರಿ. ಹೀಗೆ ಎರಡು ಆಜ್ಞೆಗಳ ನಡುವೆ ನನ್ನ ಕಾರು ಐದು ದಿನ ಎಲೆಗಳ ಹಾಸಿಗೆಯ ಕೆಳಗೆ ಮಲಗಿತ್ತು. ಅರೆಬಲಿತ ಕಾಯಿಗಳು ಬಾನೆಟ್ಟಿನ ಮೇಲೆ ಬಾಡಿದವು, ಬಿರುಕುಬಿಟ್ಟ ಗಾಜಿನಿಂದ ಇರುವೆಗಳು ಸೀಟಿಗಿಳಿದು ಸಂಸಾರ ಹೂಡಿದವು. ಆರನೆಯ ದಿನ ಬಂದ ಸರ್ವೇಯರ್ ಸುತ್ತಲೂ ಫೋಟೋ ತೆಗೆದು, ‘ಕೊಂಬೆ ಬೀಳುವುದಕ್ಕೆ ಮುಂಚಿನ ಫೋಟೋ ಇದೆಯಾ ಸಾರ್?’ ಎಂದು ಕೇಳಿದರು. ಬೀಳುವ ಮುಹೂರ್ತ ತಿಳಿದಿದ್ದರೆ ಛಾಯಾಗ್ರಾಹಕರನ್ನೇನು, ಓಲಗದವರನ್ನೂ ಕರೆಸುತ್ತಿದ್ದೆ.

ಲೆಕ್ಕ ಬಂತು. ಗಾಜಿಗೆ ಸವಕಳಿ, ಅಂದರೆ ಹಳತಾದದ್ದಕ್ಕೆ ಹಿಡಿಯುವ ಕಡಿತ, ಇಲ್ಲ. ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಶೇ 50 ಕಡಿತ, ಐದು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಶೇ 40, ಅದರ ಮೇಲೆ ಕಡ್ಡಾಯವಾಗಿ ನಾನೇ ಭರಿಸಬೇಕಾದ 1,000 ರೂಪಾಯಿ. ವರ್ಷ ವರ್ಷವೂ ಶೇ 20ರಿಂದ ಮೇಲೇರಿ ಶೇ 50 ಮುಟ್ಟಿದ್ದ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ಸನ್ನಡತೆಗೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಇಳಿಯಿತು. ಮರ ಬಿದ್ದದ್ದು ಅವರ ಕಡೆಯಿಂದ, ಸನ್ನಡತೆ ಕೆಟ್ಟದ್ದು ನನ್ನದು. ಕೊಟ್ಟ ಹಣವನ್ನು ತಪ್ಪಿತಸ್ಥರಿಂದ ವಸೂಲಿ ಮಾಡುವ ಹಕ್ಕು ಕಂಪನಿಗಿದೆಯಲ್ಲ ಎಂದು ನೆನಪಿಸಿದಾಗ, ಅಧಿಕಾರಿಗಳು ದೇವರ ವಿಳಾಸ ಕೇಳಿ ನಕ್ಕರು. ಶೆಡ್ಡಿನ ಮಾತು ಬೇರೆಯೇ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರಬೇಕಾಗಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ, ಬೀಳುವ ಮರದಿಂದಾಗುವ ಹಾನಿಯನ್ನು ಹೆಸರು ಹಿಡಿದು ಸೇರಿಸಲಾಗಿದೆ. ನನ್ನ ಬಳಿ ಆ ಪಾಲಿಸಿ ಇರಲಿಲ್ಲ. ಮೂರು ವಿಧದ ಮೊಬೈಲ್ ವಿಮೆಯನ್ನು ನನ್ನ ಕೊರಳಿಗೆ ಕಟ್ಟಿದ ಏಜೆಂಟರು ಒಮ್ಮೆಯೂ ಅದರ ಹೆಸರೆತ್ತಿರಲಿಲ್ಲ.

ಕೊನೆಗೆ ಕೊಂಬೆಯನ್ನು ನನ್ನದೇ ಖರ್ಚಿನಲ್ಲಿ ತುಂಡು ಮಾಡಿಸಿ ಗೇಟಿನ ಬಳಿ ಪೇರಿಸಿಟ್ಟೆ. ಸಂಜೆ ಯಜಮಾನರು ಬಂದು ತುಂಡುಗಳನ್ನು ಒಂದೊಂದಾಗಿ ತಟ್ಟಿ ನೋಡಿ, ನೇರಳೆ ಹಲಗೆ ನೀರಿನಲ್ಲೂ ಬೇಗ ಕೊಳೆಯುವುದಿಲ್ಲವೆಂದು ಮೆಚ್ಚಿಕೊಂಡು, ‘ಹೇಗಿದ್ದರೂ ನಮ್ಮ ಮರ ತಾನೇ ಸ್ವಾಮಿ, ನಾಳೆ ಗಾಡಿ ಕಳಿಸುತ್ತೇನೆ’ ಎಂದರು.