ಐವತ್ತು ಸಾವಿರ ಪದ, ಊಟ ಸಮೇತ

ಮೂವತ್ತೇ ದಿನದಲ್ಲಿ ಹದಿಹರೆಯದವರಿಗಾಗಿ ಕಾದಂಬರಿ ಬರೆಯುವ ಶಿಬಿರ, 50,000 ಪದ, ಊಟ-ವಸತಿ-ವೈಫೈ ಸಮೇತ! ಮಡಿಕೇರಿಯ ಹೋಂಸ್ಟೇಗಳಿಗೆ ಈಗ ಇದೂ ಒಂದು ಪ್ಯಾಕೇಜು. ಅಬ್ಬಿ ಜಲಪಾತ, ದುಬಾರೆ ಆನೆ, ಆಮೇಲೆ ಕಾದಂಬರಿ.

ಈ ಲೆಕ್ಕ ಅಮೆರಿಕದ 'ನ್ಯಾನೋರೈಮೋ'ದ್ದು, ಅಂದರೆ ಒಂದೇ ತಿಂಗಳಲ್ಲಿ ಕಾದಂಬರಿ ಬರೆದು ಮುಗಿಸುವ ಪಂಥದ್ದು. 1999ರ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ 21 ಮಂದಿ ಶುರುಮಾಡಿ, ಮರುವರ್ಷ ನವೆಂಬರಿಗೆ ಹಾಕಿಕೊಂಡರು. ಅಲ್ಲಿ ಆಗ ಹವೆ ಕೆಟ್ಟು ಮನೆಯೊಳಗೇ ಕೂರಬೇಕಂತೆ. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು. ನಮ್ಮವರು ಮಾತ್ರ ನವೆಂಬರನ್ನು ಬಿಟ್ಟಿಲ್ಲ. ಅರೇಬಿಕಾ ಕಾಫಿ ಹಣ್ಣಾಗಿ, ಕೊಯ್ಯಲು ಆಳು ಸಿಗದೆ, ಕಣದಲ್ಲಿ ಹರವಿದ್ದಕ್ಕೆ ಮಳೆ ಹನಿದೀತೆಂದು ಟಾರ್ಪಾಲು ಹಿಡಿದು ಓಡುವ ತಿಂಗಳದು. ಮನೆಯೊಳಗೆ ಕೂರಲು ನಮಗೆ ಜುಲೈ ಇದೆ. ಆಗ ಕರೆಂಟಿರುವುದಿಲ್ಲ, ಅಷ್ಟೆ.

ದಿನಕ್ಕೆ 1,667 ಪದ. ಕಂಪ್ಯೂಟರು ಪದ ಎಣಿಸುವುದು ನಡುವಿನ ಖಾಲಿ ಜಾಗ ನೋಡಿ. 'ಹೋಗಬೇಕಾಗಿತ್ತಂತೆ' ಎನ್ನಲು ಇಂಗ್ಲಿಷಿನವನಿಗೆ ಐದಾರು ಪದ ಬೇಕು, ನಮಗೆ ಒಂದು. ಅವರ 50,000ವನ್ನು ಹಾಗೇ ಕನ್ನಡಕ್ಕೆ ಹೇರಿದರೆ ಪುಸ್ತಕ ಇಟ್ಟಿಗೆಯಾಗುತ್ತದೆ. ಶಿಬಿರಾರ್ಥಿಗಳು ಮದ್ದು ಕಂಡುಕೊಂಡಿದ್ದಾರೆ: 'ಹೋಗ ಬೇಕು ಆಗಿ ಇತ್ತು ಅಂತೆ'. ಒಂದಕ್ಕೆ ಐದು! ಕಾಫಿಗೆ ಚಿಕೋರಿ ಬೆರೆಸಿದ ಹಾಗೆ, ತೂಕವೂ ಬಂತು, ಬಣ್ಣವೂ ಬಂತು.

ಸಾಲದಿದ್ದರೆ ಮಂಜಿದೆ. ಮೊದಲ ಪುಟದಲ್ಲೇ ಹದಿನಾರರ ವರ್ಷಾ ಕಿಟಕಿ ತೆರೆಯಬೇಕು, ಮಂಜು ಒಳಬರಬೇಕು, ಅವಳ 'ಅಂತರಾಳದ ತುಮುಲ' ಹೊರಹೋಗಬೇಕು. ವಿರಾಜಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ಕೇಳಿ. ಆ ವಯಸ್ಸಿನವರು ಮನೆಗೆ ಕೊಡವ ತಕ್ಕ್‌ನಲ್ಲಿ ಫೋನ್ ಮಾಡಿ, ಗೆಳತಿಗೆ ಕನ್ನಡದಲ್ಲಿ ಬೈದು, ಅದೇ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ ವಾಟ್ಸಾಪಿಗೂ ಹಾಕುತ್ತಾರೆ. ತುಮುಲ ಗಿಮುಲ ಕೇಳಿಸುವುದಿಲ್ಲ.

ನಿಜವಾದ ತುಮುಲ ಮುದ್ರಣದಲ್ಲಿದೆ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಬರೆದದ್ದನ್ನು ಪುಟ ಕಟ್ಟುವವರು ಹಳೆಯ ಆಸ್ಕಿ ಫಾಂಟಿಗೆ (ಇಂಗ್ಲಿಷ್ ಅಕ್ಷರದ ಸಂಖ್ಯೆಗೆ ಕನ್ನಡದ ಆಕಾರ ತೊಡಿಸಿದ್ದು) ಇಳಿಸುತ್ತಾರೆ. ಇ-ಪುಸ್ತಕಕ್ಕೆಂದು ಮತ್ತೆ ಯೂನಿಕೋಡಿಗೆ ಏರಿಸುತ್ತಾರೆ. ಹಳೆಯ ಫಾಂಟು ಅರ್ಕಾವೊತ್ತನ್ನು, ಅಂದರೆ 'ವರ್ಷಾ'ದಲ್ಲಿನ 'ರ್' ಗುರುತನ್ನು, ಕಣ್ಣಿಗೆ ಕಂಡಂತೆ ಅಕ್ಷರದ ಆಮೇಲೆ ಇಟ್ಟರೆ, ಯೂನಿಕೋಡು ಉಚ್ಚಾರದಂತೆ ಮೊದಲು ಇಡುತ್ತದೆ. ಪರಿವರ್ತಕ ಇದನ್ನು ಮರೆತರೆ ವರ್ಷಾ 'ವಷಾರ್' ಆಗುತ್ತಾಳೆ, ಅವಳ ಧೈರ್ಯ 'ಧೈಯರ್' ಆಗುತ್ತದೆ. 'ರ್' ಹುಡುಕಿ ಒಂದೇ ಏಟಿಗೆ ತಿದ್ದಲು ಹೋದರೆ ಸರಿಯಾಗಿದ್ದ ಡಾಕ್ಟರ್, ಕಾರ್ ಕೂಡ ಕೆಡುತ್ತವೆ. ಕಾಫಿಬೀಜದಲ್ಲಿ ಕರಿಬೀಜ ಹೆಕ್ಕಿದ ಹಾಗೆ ಒಂದೊಂದಾಗಿ ಹೆಕ್ಕಬೇಕು.

ಕನ್ನಡ ಯೂನಿಕೋಡಿಗೆ ಸೇರಿದ್ದು 1991ರಲ್ಲಿ. ಇನ್ನೂ ಅರ್ಕಾವೊತ್ತು ಹುಡುಕುತ್ತಿದ್ದೇವೆ. ಸಾಕಾಗಿದೆ ಮಾರಾಯ್ರೆ. ಹದಿನಾಲ್ಕರ ಹುಡುಗಿಗೆ ಕನ್ನಡದಲ್ಲಿ ಏನಾದರೂ ಕೊಡೋಣವೆಂದರೆ ಈ ಕಡೆ ಪಂಚತಂತ್ರ, ಆ ಕಡೆ ಅಪ್ಪ ಓದುವ ಕಾದಂಬರಿ. ನಡುವೆ ಬೆರಳೆಣಿಕೆಯಷ್ಟು ಪುಸ್ತಕ. ಅವಳು ಇಂಗ್ಲಿಷಿಗೆ ಹೋಗುತ್ತಾಳೆ. ಇನ್ನೇನು ಮಾಡಿಯಾಳು?